ಹಾಲಿನ ಕಾನೂನನ್ನು ಹೆತ್ತವರು

ತಬೀಥಾ ಜೆಲಗಾತ್‌ಳ ಗಂಟಲಿನ ಬಗ್ಗೆ ಕಪ್ತಾರಿತ್ ಪೇಟೆಯಲ್ಲಿ ಕತೆಗಳೇ ಇವೆ. ಅವಳ ಗಂಡ ಕಿಪ್ರುತೊ ಪ್ರಾಯದಲ್ಲಿ ಓಟಗಾರ. ದೊಡ್ಡ ಓಟವೊಂದರಲ್ಲಿ ಎಲ್ಲರಿಗಿಂತ ಮುಂದಿದ್ದವನು ಕೊನೆಯ ತಿರುವಿನಲ್ಲಿ ಮುಗ್ಗರಿಸಿ ಬಿದ್ದು ಮಂಡಿ ಒಡೆದುಕೊಂಡ; ಮತ್ತೆ ಓಡಲಿಲ್ಲ. “ರಸ್ತೆ ಪಕ್ಕ ನಿಂತು ನೀನು ಹಾಕಿದ ಕೂಗಿಗೆ ಬೆಚ್ಚಿಬಿದ್ದೆ ಕಣೇ. ಇಲ್ದಿದ್ರೆ ಇವತ್ತು ನನ್ನ ಫೋಟೋ ಊರ ಗೋಡೆ ಮೇಲಿರ್ತಿತ್ತು,” ಎಂದು ಅವನು ಇಂದಿಗೂ ನಾಲ್ಕು ಜನರೆದುರು ಹೇಳುತ್ತಾನೆ. “ಫೋಟೋ ಗೋಡೆ ಮೇಲಿರ್ತಿತ್ತು, ನೀನು ಯಾವಳ ಮನೇಲಿರ್ತಿದ್ಯೋ!” ಎಂದು ಅವಳು ಪಕ್ಕದ ಬೀದಿಗೂ ಕೇಳುವ ಹಾಗೆ ಉತ್ತರ ಕೊಡುತ್ತಾಳೆ.

ಗಂಡನ ಮಂಡಿ ಕೈಕೊಟ್ಟ ಮೇಲೆ ಮನೆ ನಡೆಸಿದ್ದು ಅದೇ ಗಂಟಲು. ಊರಿನ ಹಾಲಿನ ಸಂಘ ಬಾಗಿಲು ಹಾಕಿಕೊಂಡ ಕಾಲ ಅದು. ಬೆಟ್ಟದ ಇಳಿಜಾರಿನಲ್ಲಿ ಹಸು ಕಟ್ಟಿಕೊಂಡವರಿಗೆ ಹಾಲನ್ನು ಏನು ಮಾಡುವುದೆಂದು ತಿಳಿಯದಾಗಿತ್ತು. ತಬೀಥಾ ಪ್ಲಾಸ್ಟಿಕ್ ಕ್ಯಾನು ಹಿಡಿದು ಅಕ್ಕಪಕ್ಕದ ಕೊಟ್ಟಿಗೆಗಳಿಗೆ ಹೋದಳು, ಸೈಕಲ್ಲಿಗೆ ಕ್ಯಾನು ಕಟ್ಟಿ ಪೇಟೆಗೆ ಇಳಿದಳು, “ಹಾಲೂ... ಬಿಸೀ ಹಾಲೂ...” ಎಂದು ಕೂಗಿದಳು. ಪೊಲೀಸ್ ಲೈನಿನ ಹೆಂಗಸರು, ಟೀ ಅಂಗಡಿಯವರು, ಆಸ್ಪತ್ರೆಯ ನರ್ಸುಗಳು ಪಾತ್ರೆ ಹಿಡಿದು ಹೊರಬಂದರು. ಅವಳನ್ನು ನೋಡಿ ಗೆಳತಿ ರಾಯೆಲ್ ಬಂದಳು, ರಾಯೆಲಳ ಓರಗಿತ್ತಿ ಬಂದಳು. ನೋಡನೋಡುತ್ತಿದ್ದಂತೆ ಹಾಲು ಹೊರುವ ಹೆಂಗಸರದೇ ಒಂದು ದಂಡಾಯಿತು. ಉಳಿದ ಹಾಲನ್ನು ಅವರು ಇದ್ದಿಲು ಸವರಿದ ಸೋರೆಬುರುಡೆಗೆ ತುಂಬಿ ಹುಳಿಗಟ್ಟಿಸಿ, ಮುರ್ಸಿಕ್ ಮಾಡಿ ಸಂತೆಯಲ್ಲಿ ಮಾರುತ್ತಿದ್ದರು.

ತಬೀಥಾಳಿಗೆ ಒಂದೇ ಒಂದು ದೌರ್ಬಲ್ಯ. ಮದುವೆಯಿರಲಿ, ಸಾವಿರಲಿ, ಚುನಾವಣೆಯ ಭಾಷಣವಿರಲಿ, ಎಲ್ಲಿ ದೊಡ್ಡ ಪಾತ್ರೆ ಒಲೆಯೇರಿತೋ ಅಲ್ಲಿ ಅವಳು ಹಾಜರು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. “ಅಡುಗೆ ಮಾಡಿದೋಳಿಗೆ ಬೇಜಾರಾಗಬಾರದು ನೋಡು,” ಎನ್ನುವಳು.

ಹಾಗಾಗಿ ಆ ಗುರುವಾರ ಪೇಟೆಯ ಬಸ್ ನಿಲ್ದಾಣದಲ್ಲಿ ಟೈ ಕಟ್ಟಿಕೊಂಡ ಒಬ್ಬ, ಕೈಯಲ್ಲಿ ಧ್ವನಿವರ್ಧಕ ಹಿಡಿದು “ಆರೋಗ್ಯದ ಸಭೆ! ಕೌಂಟಿ ಸರ್ಕಾರದ ಸಭೆ! ಹೋಗೋಕೆ ಬರೋಕೆ ಬಸ್ಸು, ಒಂದು ಟೀ ಶರ್ಟು, ಮಧ್ಯಾಹ್ನ ಕೋಳಿ ಊಟ!” ಎಂದು ಕೂಗಿದಾಗ ತಬೀಥಾಳ ಖಾಲಿ ಕ್ಯಾನುಗಳು ತಾವಾಗಿಯೇ ಟೀ ಅಂಗಡಿಯ ಮೂಲೆ ಸೇರಿಕೊಂಡವು.

“ಯಾವ ಆರೋಗ್ಯನೇ?” ರಾಯೆಲ್ ಕೇಳಿದಳು.

“ಕೋಳಿ ತಿಂದ್ರೆ ಬರೋ ಆರೋಗ್ಯ. ಹತ್ತು!”

ಬಸ್ಸು ತುಂಬಿತು. ಹಾಲಿನ ಹೆಂಗಸರು, ಮೂಟೆ ಹೊರುವವರು, ಕೆಲಸವಿಲ್ಲದೆ ಬಿಸಿಲು ಕಾಯುತ್ತಿದ್ದವರು. ಮುಂದಿನ ಸೀಟಿನಲ್ಲಿ ನಿವೃತ್ತ ಮೇಷ್ಟ್ರು ತನುಯಿ ಹಳೆಯ ಕೋಟು ತೊಟ್ಟು ಗಂಭೀರವಾಗಿ ಕುಳಿತಿದ್ದರು. ತಬೀಥಾಳನ್ನು ಕಂಡು, “ನಾನು ವಿಷಯ ತಿಳ್ಕೊಳ್ಳೋಕೆ ಬಂದೆ,” ಎಂದರು, ಯಾರೂ ಕೇಳದಿದ್ದರೂ.

“ನಾವೂ ಅಷ್ಟೇ ಮೇಷ್ಟ್ರೇ. ವಿಷಯಕ್ಕೆ ಉಪ್ಪು ಖಾರ ಸರಿಯಾಗಿದ್ರೆ ಸಾಕು.”

ದಾರಿಯುದ್ದಕ್ಕೂ ಹಾಡು. ಚಹಾ ತೋಟಗಳನ್ನು ಬಳಸಿ ಬಸ್ಸು ಏರಿ ಇಳಿದು, ಪಕ್ಕದ ತಾಲೂಕಿನ ಗಡಿಯಲ್ಲಿ ಹೊಸದಾಗಿ ಕಟ್ಟಿದ ಒಂದು ದೊಡ್ಡ ಹೋಟೆಲಿನ ಮುಂದೆ ನಿಂತಿತು. ಇಳಿಯುತ್ತಿದ್ದಂತೆ ಎಲ್ಲರಿಗೂ ಬಿಳಿ ಟೀ ಶರ್ಟು ಹಂಚಿದರು. ಬೆನ್ನಿನ ಮೇಲೆ ‘ಶುದ್ಧ ಹಾಲು, ಶುದ್ಧ ನಾಳೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ತೋಳಿನ ಮೇಲೆ ಪುಟ್ಟದೊಂದು ನೀಲಿ ಹಸು. ಆ ಹಸುವನ್ನು ತಬೀಥಾ ಬಲ್ಲಳು. ದೊಡ್ಡ ಅಂಗಡಿಗಳಲ್ಲಿ ಸಿಗುವ ಪ್ಯಾಕೆಟ್ ಹಾಲಿನ ಮೇಲೂ ಅದೇ ಹಸು. ಆದರೆ ಒಳಗಿಂದ ಮಸಾಲೆಯ ಘಮಲು ಬರುತ್ತಿತ್ತು. ಘಮಲಿನ ಮುಂದೆ ನೀಲಿ ಹಸುವಾದರೇನು, ಕೆಂಪು ಹಸುವಾದರೇನು!

ಸಭಾಂಗಣದ ವೇದಿಕೆಯ ಮೇಲೆ, ಜಿಲ್ಲೆಗೆ ಕಾನೂನು ಮಾಡುವ ಕೌಂಟಿ ಸಭೆಯ ಒಂದು ಸಮಿತಿಯವರು ಕುಳಿತಿದ್ದರು. ಅವರ ನಡುವೆ ತಬೀಥಾಳ ಅಕ್ಕನ ಮಗ ಹಿಲರಿ ಮುಗುನ್. ಅವರ ವಾರ್ಡಿನಿಂದ ಗೆದ್ದು ಹೋದ ಸದಸ್ಯ. ಚಿಕ್ಕಮ್ಮನನ್ನು ಕಂಡದ್ದೇ ಅವನ ಮುಖ ಇಳಿಯಿತು. ಅವಳು ಹೆಮ್ಮೆಯಿಂದ ಕೈಬೀಸಿದಳು. ಅವನು ನೀರಿನ ಬಾಟಲಿ ಎತ್ತಿಕೊಂಡು ಅದನ್ನೇ ಓದತೊಡಗಿದ.

ಭಾಷಣ ಶುರುವಾಯಿತು. ಎಲ್ಲ ಇಂಗ್ಲಿಷಿನಲ್ಲಿ. ಸಮಿತಿಯ ಅಧ್ಯಕ್ಷರು ಒಂದಿಷ್ಟು ಓದಿ, ಮುಂದಿನದನ್ನು ವಿವರಿಸಲು ಬೂದುಬಣ್ಣದ ಸೂಟಿನ ಒಬ್ಬರ ಕಡೆ ನೋಡುತ್ತಿದ್ದರು. ಆ ಮನುಷ್ಯ ಎದ್ದು ನಯವಾಗಿ ವಿವರಿಸಿ ಕೂರುತ್ತಿದ್ದ. ತಬೀಥಾಳ ಕಣ್ಣು ಬಾಗಿಲ ಕಡೆಗಿತ್ತು. ಅಲ್ಲಿ ಮೇಜುಗಳ ಮೇಲೆ ಮುಚ್ಚಳದ ಪಾತ್ರೆಗಳು ಒಂದೊಂದಾಗಿ ಬಂದು ಕೂರುತ್ತಿದ್ದವು.

ಕೊನೆಗೆ ಅಧ್ಯಕ್ಷರು ಸ್ವಾಹಿಲಿಗೆ ತಿರುಗಿದರು. ಮುಖದ ತುಂಬ ನಗು.

“ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಒಂದೇ ಪ್ರಶ್ನೆ. ನಿಮ್ಮ ಮಕ್ಕಳಿಗೆ ಶುದ್ಧವಾದ ಹಾಲು ಬೇಕು ಅನ್ನೋರು ಕೈ ಎತ್ತಿ!”

ಬೇಡವೆನ್ನುವವರು ಯಾರು? ಸಭಾಂಗಣದ ತುಂಬ ಕೈಗಳೆದ್ದವು. ತಬೀಥಾ ಎರಡೂ ಕೈ ಎತ್ತಿದಳು. ಕ್ಯಾಮೆರಾ ಹಿಡಿದ ಹುಡುಗಿಯೊಬ್ಬಳು ಅತ್ತಿಂದಿತ್ತ ಓಡಾಡಿ ಫೋಟೋ ತೆಗೆದಳು.

“ಧನ್ಯವಾದ! ಜನ ಸರ್ವಾನುಮತದಿಂದ ಒಪ್ಪಿದ್ದಾರೆ!”

ಚಪ್ಪಾಳೆ. ಮೇಷ್ಟ್ರು ತನುಯಿ ಮಾತ್ರ ಕೈಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿದ್ದರು, ಯಾವುದೋ ಲೆಕ್ಕ ತಪ್ಪಿದವರಂತೆ.

“ಏನಾಯ್ತು ಮೇಷ್ಟ್ರೇ, ಕೈ ಹಿಡ್ಕೊಂಡಿತಾ?”

ಅವರು ಅವಳ ಕಿವಿಗೆ ಬಾಗಿದರು. “ತಬೀಥಾ, ನೀನೀಗ ಎರಡು ಕೈ ಎತ್ತಿದ್ಯಲ್ಲ, ಯಾತಕ್ಕೆ ಗೊತ್ತಾ? ಇನ್ಮೇಲೆ ಕೌಂಟೀಲಿ ಯಾರೂ ಕ್ಯಾನಲ್ಲಿ ಬಿಡಿ ಹಾಲು ಮಾರೋ ಹಾಗಿಲ್ಲ. ಪ್ಯಾಕೆಟ್ಟಲ್ಲಿ ಮಾರ್ಬೇಕು, ಇಲ್ಲಾ ಲೈಸೆನ್ಸ್ ಇರೋ, ಹಾಲು ತಣ್ಣಗಿಡೋ ಯಂತ್ರದಿಂದ ಮಾರ್ಬೇಕು. ಮೀರಿದ್ರೆ ಜೈಲು. ಮುರ್ಸಿಕ್ಕೂ ಅದರಲ್ಲೇ ಬಂತು.”

“ಯಾರು ಹೇಳಿದ್ದು?”

“ಬೆಳಗ್ಗಿಂದ ಅವರು ಹೇಳ್ತಿರೋದೇ ಅದು.”

“ಮತ್ತೆ ನೀವು ಯಾಕೆ ಸುಮ್ನೆ ಕೂತಿದ್ರಿ?”

ಮೇಷ್ಟ್ರು ಕೋಟಿನ ಗುಂಡಿ ಹಿಡಿದುಕೊಂಡರು. “ಪೂರ್ತಿ ಕೇಳಿ ಆಮೇಲೆ ಮಾತಾಡೋಣ ಅಂತ...”

ರಾಯೆಲ್‌ಗೆ ಇಷ್ಟು ಕೇಳಿದ್ದೇ ತಡ, ಕಣ್ಣಲ್ಲಿ ನೀರು ಬಂತು. ತಬೀಥಾಳ ಕಾಲಿನಿಂದ ಒಂದು ಬಿಸಿ ಮೇಲೇರತೊಡಗಿತು. ಮೊದಲು ನಾಚಿಕೆ, ತಾನೇ ತನ್ನ ಕೊರಳಿಗೆ ಹಗ್ಗ ಹಾಕಿಕೊಂಡು ಎರಡು ಕೈಯಿಂದ ಎಳೆದಿದ್ದಳು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಸಿಟ್ಟು ಗಂಟಲಿಗೆ ತಲುಪಿದಾಗ ಅವಳು ಎದ್ದು ನಿಂತಿದ್ದಳು.

“ಸ್ವಾಮೀ!”

ಮೈಕು ಬೇಕಾಗಿರಲಿಲ್ಲ. ಬಡಿಸುವವರ ಕೈಯಿಂದ ಒಂದು ಸೌಟು ಬಿತ್ತು.

“ಅಮ್ಮಾ, ಊಟ ಆದ್ಮೇಲೆ...” ಅಧ್ಯಕ್ಷರು ನಕ್ಕರು.

“ಊಟದ ವಿಷಯಾನೇ ಸ್ವಾಮಿ. ಇಷ್ಟೊಂದು ಊಟ! ಕೋಳಿ, ಪಿಲಾವು, ಚಪಾತಿ. ಹಾಕ್ಸಿದ ಪುಣ್ಯಾತ್ಮರು ಯಾರು? ಹರಸಬೇಕಲ್ಲ, ಹೆಸರು ಹೇಳಿ.”

ಅಧ್ಯಕ್ಷರು ಬಾಯಿ ತೆರೆಯುವ ಮುಂಚೆಯೇ ಮುಂದಿನ ಸಾಲಿನಲ್ಲಿದ್ದ ಒಬ್ಬರು ಸಂತೋಷದಿಂದ ತಿರುಗಿ, ಎದೆಯ ಮೇಲೆ ಕೈಯಿಟ್ಟು ಬಾಗಿದರು. ನೀಲಿ ಹಸುವಿನ ಕಂಪನಿಯ ಮ್ಯಾನೇಜರು. ಒಳ್ಳೆಯ ಮನುಷ್ಯನೇ, ಹೊಗಳಿಕೆ ಬರುತ್ತಿದೆ ಎಂದುಕೊಂಡಿದ್ದರು.

“ನಮ್ಮ ಕಂಪನಿ ಕಡೆಯಿಂದ, ಅಮ್ಮಾ. ನಿಮಗಾಗಿ ಇಷ್ಟಾದ್ರೂ ಮಾಡ್ದಿದ್ರೆ ಹೇಗೆ?”

ಹಿಂದಿನ ಸಾಲಿನಿಂದ ಒಬ್ಬ ಮೂಟೆ ಹೊರುವವನು, “ಓಹೋ...” ಎಂದು ರಾಗ ಎಳೆದ.

“ಬಸ್ಸು?”

ಮ್ಯಾನೇಜರು ಅಧ್ಯಕ್ಷರ ಮುಖ ನೋಡಿದರು. ಈಗ ನಗು ಇರಲಿಲ್ಲ.

“ಹೋಗ್ಲಿ ಬಿಡಿ. ಈ ಕಾನೂನು ಬರೆದೋರು ಯಾರು ಸ್ವಾಮಿ? ಅದನ್ನಾದ್ರೂ ಹೇಳಿ.”

“ಅಮ್ಮಾ, ಅದನ್ನ ನಮ್ಮ ಸಮಿತಿ, ತಜ್ಞರ ಸಹಾಯದಿಂದ...”

“ನೀವು ಬರೆದ್ರಾ? ಹಂಗಾದ್ರೆ ಮುರ್ಸಿಕ್ ಬಗ್ಗೆ ಏನು ಬರ್ದಿದ್ದೀರಿ, ನಮ್ಮ ಮಾತಲ್ಲಿ ಒಂಚೂರು ಹೇಳಿ.”

ಅಧ್ಯಕ್ಷರು ಪುಟ ತಿರುವಿದರು. ಮತ್ತೆ ತಿರುವಿದರು. ಅಭ್ಯಾಸಬಲದಿಂದ ಅವರ ಕತ್ತು ಬೂದು ಸೂಟಿನವನ ಕಡೆ ಹೊರಳಿತು. ಅವನು ಎದ್ದು ನಿಂತ.

ಆಗ ಮೇಷ್ಟ್ರು ತನುಯಿ ಎದ್ದರು. “ಕ್ಷಮಿಸ್ಬೇಕು. ಇವರು ಬೆಳಗ್ಗೆ ಪರಿಚಯ ಹೇಳ್ಕೊಂಡಾಗ ಕೇಳಿಸ್ಕೊಂಡೆ. ಇವರು ಕೌಂಟಿಯೋರಲ್ಲ, ಕಂಪನಿ ವಕೀಲರು. ಕೌಂಟಿ ಕಾನೂನನ್ನ ಕಂಪನಿ ವಕೀಲರು ಯಾಕೆ ವಿವರಿಸ್ತಾರೆ?”

ತಬೀಥಾ ಸೊಂಟಕ್ಕೆ ಕೈಕೊಟ್ಟಳು. “ನಾನ್ ಹೇಳ್ತೀನಿ ಕೇಳಿ ಮೇಷ್ಟ್ರೇ! ಅಪ್ಪ ಅನ್ನಿಸ್ಕೊಂಡೋನಿಗೆ ಮಗು ಹೆಸರೇ ಗೊತ್ತಿಲ್ಲ. ಕೇಳ್ದಾಗೆಲ್ಲ ಪಕ್ಕದ ಮನೆಯೋನ ಮುಖ ನೋಡ್ತಾನೆ. ಅಂದ್ಮೇಲೆ ಮಗು ಯಾರದು?”

ಸಭಾಂಗಣ ಸಿಡಿಯಿತು. ನಗುವೋ ನಗು, ಕೇಕೆ, ಶಿಳ್ಳೆ, ಕುರ್ಚಿಗಳನ್ನು ನೆಲಕ್ಕೆ ಕುಟ್ಟುವ ಸದ್ದು. ರಾಯೆಲ್ ಅಳು ಮರೆತು ಹೊಟ್ಟೆ ಹಿಡಿದುಕೊಂಡಳು. ಬಡಿಸಲು ನಿಂತವರೂ ನಕ್ಕರು. ಅಧ್ಯಕ್ಷರು ಮೇಜು ತಟ್ಟಿ ತಟ್ಟಿ ಸುಸ್ತಾದರು.

“ಇನ್ನೊಂದು!” ತಬೀಥಾಳ ದನಿ ಎಲ್ಲ ಗದ್ದಲದ ಮೇಲೆ ತೇಲಿ ಬಂತು. “ನಮ್ಮ ಹುಡುಗರು ದೇಶ ದೇಶ ಓಡಿ ಗೆದ್ದು ಬರ್ತಾರಲ್ಲ, ವಿಮಾನ ಇಳಿದ ತಕ್ಷಣ ನಾವು ಬುರುಡೇಲಿ ಮುರ್ಸಿಕ್ ಕುಡಿಸ್ತೀವಿ. ಇನ್ಮೇಲೆ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಬಾಯಿಗಿಡ್ಬೇಕಾ? ಪೊಲೀಸು ಬುರುಡೆ ಕಿತ್ಕೊಂಡು ಹೋಗ್ತಾನಾ?” ಎನ್ನುತ್ತ ಅವಳು ಟೀ ಶರ್ಟನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಅಡಿಯಲ್ಲಿ ಅವಳದೇ ಹೂವಿನ ಅಂಗಿ ಇತ್ತು. ಟೀ ಶರ್ಟನ್ನು ಮಡಚಿ, ಮ್ಯಾನೇಜರರ ಕೈಗೆ ಮರ್ಯಾದೆಯಿಂದಲೇ ಕೊಟ್ಟಳು. “ನಿಮ್ಮ ಹಸು ನಿಮ್ಮ ಕೊಟ್ಟಿಗೇಲಿರಲಿ ಸಾರ್.”

ಅವಳ ಹಿಂದೆ ರಾಯೆಲ್ ಕೊಟ್ಟಳು. ರಾಯೆಲಳ ಹಿಂದೆ ಓರಗಿತ್ತಿ. ಆಮೇಲೆ ಸಾಲೇ ನಿಂತಿತು. ಮ್ಯಾನೇಜರು ಎರಡೂ ಕೈಯಲ್ಲಿ ಟೀ ಶರ್ಟುಗಳನ್ನು ತಬ್ಬಿಕೊಂಡು, ಗದ್ದದವರೆಗೂ ಗುಡ್ಡೆ ಬೆಳೆದು, ಮೇಲೆ ಕಣ್ಣಷ್ಟೇ ಕಾಣುವ ಹಾಗೆ ನಿಂತಿದ್ದರು.

ಬಾಗಿಲ ಬಳಿ, ತೆರೆದ ಪಾತ್ರೆಗಳ ಪಕ್ಕದಲ್ಲೇ, ತಬೀಥಾಳ ಕಾಲು ಒಂದು ಕ್ಷಣ ತಡವರಿಸಿತು. ಕೋಳಿ ಕೆಂಪಗೆ ಹೊಳೆಯುತ್ತಿತ್ತು.

“ತಿಂದೇ ಹೋಗೋಣವೇನೇ?” ರಾಯೆಲ್ ಪಿಸುಗುಟ್ಟಿದಳು. “ಕೋಳಿ ಏನು ಪಾಪ ಮಾಡಿದೆ?”

“ತಿಂದ್ರೆ ಮತ್ತೆ ಎರಡು ಕೈ ಎತ್ತಿದ ಹಾಗೆ. ನಡಿ!” ಎಂದಳು ತಬೀಥಾ. ತನ್ನ ಜೀವಮಾನದಲ್ಲೇ ಅಷ್ಟು ಕಷ್ಟದ ಮಾತು ಆಡಿರಲಿಲ್ಲ ಎಂದು ಆಮೇಲೆ ಒಪ್ಪಿಕೊಂಡಳು.

ಹೊರಗೆ ಬಸ್ಸು ಇರಲಿಲ್ಲ. ಯಾರೋ ಫೋನು ಮಾಡಿ ಕಳಿಸಿಬಿಟ್ಟಿದ್ದರು. ಊರು ಬೆಟ್ಟದಾಚೆ. ಎಲ್ಲರೂ ತಬೀಥಾಳ ಮುಖ ನೋಡಿದರು. ಅವಳು ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು, ನಡೆದಳು. ಹಸಿದ ಹೊಟ್ಟೆಯ ಆ ಮೆರವಣಿಗೆ ಚಹಾ ತೋಟಗಳ ನಡುವೆ ಹಾಡುತ್ತ ಹೊರಟಿತು. ಹಾಡಿನ ಸಾಲು ಅಲ್ಲೇ ಹುಟ್ಟಿತು: “ಮಗು ಯಾರದು? ಮಗು ಯಾರದು?” ತೋಟದಲ್ಲಿ ಎಲೆ ಕೀಳುತ್ತಿದ್ದವರು ತಲೆಯೆತ್ತಿ, “ಯಾರ ಮಗು?” ಎಂದು ಕೇಳಿದರು. ವಿಷಯ ಕೇಳಿ ಬುಟ್ಟಿ ಹೊತ್ತುಕೊಂಡೇ ಒಂದಷ್ಟು ದೂರ ಜೊತೆಗೆ ಬಂದರು.

ಮೂಟೆ ಹೊರುವವರಲ್ಲಿ ಒಬ್ಬ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದ. ಆ ವಿಡಿಯೋ ಅವರ ಕಾಲಿಗಿಂತ ಬೇಗ ಬೆಟ್ಟ ಹತ್ತಿ ಇಳಿಯಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಎದುರಿಂದ ಭರ್ರೆಂದು ಸದ್ದು. ಕಪ್ತಾರಿತ್ ಪೇಟೆಯ ಬಾಡಿಗೆ ಬೈಕಿನವರೆಲ್ಲ ಒಟ್ಟಾಗಿ ಹಾರನ್ ಒತ್ತುತ್ತ ಬರುತ್ತಿದ್ದರು. “ಅಮ್ಮಾ, ಹತ್ತಿ! ಇವತ್ತು ಬಾಡಿಗೆ ಇಲ್ಲ!” ಬೈಕಿಗೆ ಇಬ್ಬಿಬ್ಬರಂತೆ, ಮೇಷ್ಟ್ರು ಕೋಟು ಹಾರಿಸಿಕೊಂಡು, ದಂಡು ಊರೊಳಗೆ ನುಗ್ಗಿತು. ಸ್ಥಳೀಯ ರೇಡಿಯೋದವರು ನಿಲ್ದಾಣದಲ್ಲೇ ಕಾದಿದ್ದರು. ಮೈಕು ಹಿಡಿದವನು ಹತ್ತಿರ ಬಂದಾಗ ತಬೀಥಾ ಕೇಳಿದ ಮೊದಲ ಮಾತು, “ತಿನ್ನೋಕೇನಾದ್ರೂ ಇದೆಯಾ ಮಗಾ?” ಟೀ ಅಂಗಡಿಯವನು ಮೆಕ್ಕೆಜೋಳದ ಮುದ್ದೆ ಉಗಾಲಿ, ಸೊಪ್ಪಿನ ಪಲ್ಯ ತಂದಿಟ್ಟ. ತಿನ್ನುತ್ತಲೇ ಅವಳು ಕತೆ ಹೇಳಿದಳು. ಊರಿಗೆ ಊರೇ ರೇಡಿಯೋಗೆ ಕಿವಿಯಿಟ್ಟಿತು.

ಆದರೆ ರೇಡಿಯೋದಲ್ಲಿ ಬಂದ ಮಾತಿಗೆ ಕೌಂಟಿ ಸಭೆ ಬಗ್ಗುವುದಿಲ್ಲ. ಮರುವಾರವೇ ಮಸೂದೆಯನ್ನು ಮತಕ್ಕೆ ಹಾಕುತ್ತಾರೆಂದು ಮೇಷ್ಟ್ರು ತಿಳಿದುಕೊಂಡು ಬಂದರು. ಪತ್ರಿಕೆಯಲ್ಲಿ ಆಗಲೇ ಫೋಟೋ ಬಂದಿತ್ತು. ಎಲ್ಲರ ನಡುವೆ ತಬೀಥಾ, ಎರಡೂ ಕೈ ಮೇಲೆ, ಬಾಯಿ ತುಂಬ ನಗು. ‘ಹಾಲು ಮಾರುವ ಮಹಿಳೆಯರಿಂದಲೇ ಬೆಂಬಲ.’

ಕಿಪ್ರುತೊ ಅದನ್ನು ನೋಡಿ, “ಅಂತೂ ಗೋಡೆ ಮೇಲೆ ಹಾಕೋಕೆ ನಿಂದೇ ಫೋಟೋ ಬಂತು,” ಎಂದ. ಅವಳಿಗೆ ನಗು ಬರಲಿಲ್ಲ. ತಲೆವಸ್ತ್ರ ಕಟ್ಟಿಕೊಂಡು ನೇರ ಅಕ್ಕನ ಮನೆಗೆ ನಡೆದಳು.

ಹಿಲರಿ ಮುಗುನ್ ಅಂಗಳದಲ್ಲಿ ಕಾರು ತೊಳೆಸುತ್ತಿದ್ದ. ಅವಳನ್ನು ಕಂಡು ಒಳಗೆ ಹೋಗಲು ನೋಡಿದ.

“ನಿಂತ್ಕೊಳ್ಳೋ! ಹುಟ್ಟಿದಾಗ ನಿನ್ನನ್ನ ಬೆನ್ನಿಗೆ ಕಟ್ಕೊಂಡು ತಿರುಗಿದೋಳು ನಾನು. ನನ್ನಿಂದ ಎಲ್ಲಿಗೆ ಓಡ್ತೀಯ?”

“ಚಿಕ್ಕಮ್ಮಾ, ನಿನಗೆ ಅರ್ಥ ಆಗಲ್ಲ. ಕಾಲ ಬದಲಾಗಿದೆ. ಶುಚಿತ್ವ, ಗುಣಮಟ್ಟ...”

“ಶುಚಿತ್ವ ಬೇಡ ಅಂದೋಳು ನಾನಾ? ಕ್ಯಾನು ಬದಲಾಯ್ಸು ಅನ್ನು, ಬದಲಾಯ್ಸ್ತೀನಿ. ಪರೀಕ್ಷೆ ಮಾಡು, ಮಾಡಿಸ್ಕೋತೀನಿ. ಆದ್ರೆ ಕದ್ದು ಯಾಕೋ ಮಾಡ್ತೀರ? ಬೆಟ್ಟದಾಚೆ ಹೋಟ್ಲಿಗೆ ಕರ್ಕೊಂಡೋಗಿ, ಗೊತ್ತಿಲ್ಲದ ಭಾಷೇಲಿ ಓದಿ, ಕೈ ಎತ್ತಿಸ್ಕೊಂಡು! ಒಳ್ಳೇ ಕೆಲಸ ಆಗಿದ್ರೆ ನಮ್ಮ ಸಂತೆ ಮಾಳದಲ್ಲೇ ಮಾಡಬಹುದಿತ್ತಲ್ಲ?”

ಕಾರು ತೊಳೆಯುವವನನ್ನು ಮುಗುನ್ ಅಂಗಡಿಗೆ ಕಳಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. ಹೋದ ವರ್ಷ ಸಮಿತಿಯವರೆಲ್ಲ ಮೊಂಬಾಸಾಕ್ಕೆ ಅಧ್ಯಯನ ಪ್ರವಾಸ ಹೋಗಿದ್ದರು. ಸಮುದ್ರದ ದಡ, ದೊಡ್ಡ ಹೋಟೆಲು, ಹೆಂಡತಿ ಮಕ್ಕಳೂ ಜೊತೆಗೆ. ಎಲ್ಲ ಕಂಪನಿಯದು. ಅಲ್ಲಿ ಒಂದೇ ಒಂದು ಹಸುವನ್ನೂ ಅವರು ನೋಡಲಿಲ್ಲ. ಹೊರಡುವ ದಿನ ಬೂದು ಸೂಟಿನ ವಕೀಲ ಮಸೂದೆಯನ್ನು ಸಿದ್ಧಮಾಡಿಕೊಂಡೇ ಬಂದು ಕೈಗಿಟ್ಟ. ಇವರು ಮಾಡಿದ್ದು ಮೇಲೆ ಕೌಂಟಿಯ ಹೆಸರು ಹಾಕಿದ್ದಷ್ಟೇ.

“ನಾನೂ ಹೋಗಿದ್ದೆ ಚಿಕ್ಕಮ್ಮಾ. ಈಜಾಡ್ದೆ, ಮೀನು ತಿಂದೆ. ಈಗ ಎದ್ದು ನಿಂತು ಏನಂತ ಹೇಳ್ಲಿ? ಇದನ್ನ ನೀನು ರೇಡಿಯೋದಲ್ಲಿ ಹೇಳ್ಬೇಡ. ನನ್ನ ಕತೆ ಮುಗಿದುಹೋಗುತ್ತೆ.”

ತಬೀಥಾಳಿಗೆ ನಾಲಿಗೆ ತುರಿಸಿತು. ರೇಡಿಯೋದವನ ನಂಬರು ಫೋನಿನಲ್ಲೇ ಇತ್ತು. ಒಂದು ಕೂಗು ಸಾಕಿತ್ತು. ಆದರೆ ಎದುರಿಗಿದ್ದವನ ಮುಖದಲ್ಲಿ ಅವಳಿಗೆ ಕಂಡದ್ದು, ಎರಡು ಕೈ ಎತ್ತಿದ ಮೇಲೆ ತನಗೇ ಆಗಿದ್ದ ನಾಚಿಕೆ.

“ನಾನು ಹೇಳಲ್ಲ,” ಎಂದಳು. “ನೀನೇ ಹೇಳ್ಬೇಕು. ಹೊಟ್ಟೇಲಿರೋ ಮೀನಿನ ಮುಳ್ಳು ತಿಂದೋನೇ ಕಕ್ಕಬೇಕು. ಮಂಗಳವಾರ ನಾವೆಲ್ಲ ಮೇಲಿನ ಸಾಲಲ್ಲಿ ಕೂತಿರ್ತೀವಿ.”

ಮಂಗಳವಾರ ಕೌಂಟಿ ಸಭೆಯ ಪ್ರೇಕ್ಷಕರ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಲಿನ ಹೆಂಗಸರು, ಬೈಕಿನವರು, ಚಹಾ ತೋಟದವರು. ಒಳಗೆ ಹಿಡಿಸದವರು ಹೊರಗಿನ ನೀಲಗಿರಿ ಮರಗಳ ಕೆಳಗೆ. ಬಾಗಿಲಲ್ಲೇ ಕಾವಲಿನವನು ಎಚ್ಚರಿಕೆ ಕೊಟ್ಟಿದ್ದ: ಮೇಲಿಂದ ಒಂದು ಸದ್ದು ಬಂದರೂ ಎಲ್ಲರನ್ನೂ ಹೊರಗೆ ಹಾಕುತ್ತಾರೆ. “ಅದರಲ್ಲೂ ನೀನು, ಅಮ್ಮಾ,” ಎಂದು ತಬೀಥಾಳಿಗೆ ಬೆರಳು ತೋರಿಸಿದ್ದ. ರೇಡಿಯೋ ಅವನೂ ಕೇಳಿದ್ದ.

ಅವಳ ಬದುಕಿನಲ್ಲಿ ಅಂಥ ಶಿಕ್ಷೆ ಬೇರೆ ಇರಲಿಲ್ಲ. ಕೆಳಗೆ ಅಧ್ಯಕ್ಷರು ಎದ್ದು, ಜನರನ್ನು ವಿಚಾರಿಸಿಯೇ ಮಸೂದೆ ತಂದಿದ್ದೇವೆ ಎಂದು ಪತ್ರಿಕೆಯ ಫೋಟೋ ಎತ್ತಿ ತೋರಿಸಿದಾಗ ಅವಳು ತಲೆವಸ್ತ್ರ ಬಿಚ್ಚಿ ಬಾಯಿಗೆ ತುರುಕಿಕೊಂಡಳು. ಒಂದು ಕಡೆಯಿಂದ ರಾಯೆಲ್, ಇನ್ನೊಂದು ಕಡೆಯಿಂದ ಮೇಷ್ಟ್ರು ಅವಳ ತೋಳು ಹಿಡಿದರು. ಒಬ್ಬೊಬ್ಬರೇ ಸದಸ್ಯರು ಎದ್ದು ಮಸೂದೆಯನ್ನು ಹೊಗಳಿದರು. ಮುಗುನ್ ತಲೆ ತಗ್ಗಿಸಿ ಕುಳಿತೇ ಇದ್ದ. ಸಭಾಪತಿ ಮತಕ್ಕೆ ಹಾಕಲು ಸುತ್ತಿಗೆ ಎತ್ತಿದರು. ಅವನು ಏಳಲಿಲ್ಲ. ತಬೀಥಾ ಬಟ್ಟೆಯೊಳಗೇ ನರಳಿದಳು.

“ಮಾನ್ಯ ಸಭಾಪತಿಗಳೇ.”

ಮುಗುನ್ ಎದ್ದಿದ್ದ. ಮುಖ ಕಳೆಗುಂದಿತ್ತು. ಅಧ್ಯಕ್ಷರು ಅವನ ಕೋಟಿನ ಅಂಚು ಹಿಡಿದೆಳೆದದ್ದು ಮಹಡಿಗೂ ಕಂಡಿತು. ಅವನು ಬಿಡಿಸಿಕೊಂಡ.

“ಈ ಮಸೂದೆಯ ಒಂದು ಅಕ್ಷರಾನೂ ನಾವು ಬರೆದಿಲ್ಲ. ಬರೆದದ್ದು ಕಂಪನಿ. ನಮ್ಮನ್ನ ಮೊಂಬಾಸಾಕ್ಕೆ ಕರ್ಕೊಂಡು ಹೋಗಿ, ಉಣಿಸಿ, ತಿನಿಸಿ, ಕೈಗಿಟ್ಟಿದ್ದು ಕಂಪನಿ. ನಾನೂ ಹೋಗಿದ್ದೆ. ನನ್ನ ಹೆಂಡತಿ ಮಕ್ಕಳೂ ಬಂದಿದ್ರು. ಆ ಫೋಟೋದಲ್ಲಿ ಎರಡು ಕೈ ಎತ್ತಿರೋರು ನನ್ನ ಚಿಕ್ಕಮ್ಮ. ಯಾತಕ್ಕೆ ಎತ್ತಿದ್ದು ಅಂತ ಆಮೇಲೆ ಗೊತ್ತಾಗಿ ಅದೇ ಸಭೇಲಿ ಎದ್ದು ಬೈದ್ರು. ಆ ಫೋಟೋ ಯಾಕೆ ತಂದಿಲ್ಲ? ಅವರಿಗೆ ಇಲ್ಲಿ ಮಾತಾಡೋ ಅವಕಾಶ ಇಲ್ಲ. ಅದಕ್ಕೆ ನಾನು ಹೇಳ್ತಿದ್ದೀನಿ.”

ಕೆಳಗೆ ಕೋಲಾಹಲ. ಒಬ್ಬ ಕೂಗಿದ, ಇನ್ನೊಬ್ಬ ಕಾಗದ ಎಸೆದ. ಇಷ್ಟು ಹೊತ್ತು ಸುಮ್ಮನಿದ್ದ ವಯಸ್ಸಾದ ಸದಸ್ಯೆಯೊಬ್ಬರು ನಿಧಾನವಾಗಿ ಎದ್ದು, ತಾವೂ ಮೊಂಬಾಸಾಕ್ಕೆ ಹೋಗಿದ್ದು ನಿಜ ಎಂದರು. ಅವರ ಹಿಂದೆ ಮತ್ತೊಬ್ಬರು. ಸಭಾಪತಿಯ ಸುತ್ತಿಗೆ ಬಡಿದೇ ಬಡಿಯಿತು. ಕೊನೆಗೆ ಮತಕ್ಕೆ ಹಾಕಿದ್ದು ಬೇರೆಯದೇ ಪ್ರಶ್ನೆ: ಮಸೂದೆಯನ್ನು ಹಿಂದಕ್ಕೆ ಕಳಿಸಿ, ಪ್ರತಿ ವಾರ್ಡಿನಲ್ಲೂ ಅಲ್ಲಿಯ ಮಾತಿನಲ್ಲೇ ಜನರ ಅಹವಾಲು ಕೇಳಿ, ಸಭೆಯ ಖರ್ಚು ಯಾರದೆಂದು ಮೊದಲೇ ಸಾರಿ ಹೇಳಬೇಕೋ ಬೇಡವೋ?

ಬೇಕು ಎನ್ನುವವರ ಕೈಗಳು ಎದ್ದವು. ಇನ್ನೂ ಎದ್ದವು. ತಬೀಥಾ ಎಣಿಸಲಿಲ್ಲ, ಮುಗುನ್ ಮುಖ ನೋಡಿದಳು, ಅಷ್ಟರಲ್ಲೇ ತಿಳಿಯಿತು. ಬಾಯಿಂದ ಬಟ್ಟೆ ಕಿತ್ತಳು. ಆ ದಿನ ಅವಳು ಹಾಕಿದ ಕೇಕೆಗೆ ಹೊರಗಿನ ಮರಗಳ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು ಎಂದು ಕೆಳಗೆ ನಿಂತಿದ್ದವರು ಆಣೆ ಮಾಡಿ ಹೇಳುತ್ತಾರೆ. ಕಾವಲಿನವನು ಓಡಿಬಂದು ಅವಳ ರಟ್ಟೆ ಹಿಡಿದ. “ಹೇಳಿದ್ನಲ್ಲಮ್ಮಾ!”

“ಹಾಕಪ್ಪಾ, ಹೊರಗೆ ಹಾಕು! ಎಲ್ಲಿಗೆ ಬೇಕಾದ್ರೂ ಹಾಕು!” ಎಂದು ಅವಳು ಅವನನ್ನೇ ತಬ್ಬಿಕೊಂಡಳು. ಅವನೂ ನಗುತ್ತಲೇ ಮೆಟ್ಟಿಲಿಳಿಸಿದ.

ಮುಗುನ್‌ನನ್ನು ಆ ವಾರವೇ ಸಮಿತಿಯಿಂದ ತೆಗೆದರು. ಅವನ ಜೊತೆ ಟೀ ಕುಡಿಯುತ್ತಿದ್ದವರು ದೂರವಾದರು. ಅಕ್ಕ ತಂಗಿಯ ಮೇಲೆ ಸಿಟ್ಟಾಗಿ, “ನಿನ್ನ ಗಂಟಲು ನನ್ನ ಮಗನನ್ನ ನುಂಗಿತು,” ಎಂದು ಕೆಲವು ತಿಂಗಳು ಮಾತು ಬಿಟ್ಟಳು. ಅದರಿಂದ ತಬೀಥಾಳಿಗೆ ನೋವಾಗದೆ ಇರಲಿಲ್ಲ. ಆದರೆ ಮುಗುನ್ ಮಾತ್ರ, ಕಾರು ಬಿಟ್ಟು ನಡೆದುಕೊಂಡೇ ಪೇಟೆಗೆ ಬಂದು ಹಾಲಿನ ಹೆಂಗಸರ ಪಕ್ಕ ಕಟ್ಟೆಯ ಮೇಲೆ ಕೂರುವುದನ್ನು ರೂಢಿ ಮಾಡಿಕೊಂಡ.

ಮೊದಲ ಮಳೆ ಬಿದ್ದ ಮೇಲೆ ಕಪ್ತಾರಿತ್‌ನ ಸಂತೆ ಮಾಳದಲ್ಲಿ ಅಹವಾಲು ಸಭೆ ನಡೆಯಿತು. ಎಲ್ಲ ಅವರ ಮಾತಿನಲ್ಲೇ. ಟೀ ಕೌಂಟಿಯದು, ಬನ್ನು ಚರ್ಚಿನದು ಎಂದು ಮೊದಲೇ ಸಾರಿದರು. ಮಾತಾಡಬೇಕೆನ್ನುವವರು ಸಾಲಿನಲ್ಲಿ ಬರಬೇಕಿತ್ತು. ಕಂಪನಿಯ ಮ್ಯಾನೇಜರೂ ಬಂದಿದ್ದರು. ಅಭ್ಯಾಸದಂತೆ ನೇರ ಮುಂದಕ್ಕೆ ನಡೆದರು.

“ಸಾಲು ಇದೆ ಸಾರ್,” ಎಂದಳು ತಬೀಥಾ. “ರಾಯೆಲ್ ಹಿಂದೆ.”

ಅವರು ರಾಯೆಲಳ ಹಿಂದೆ ನಿಂತರು. ಹೊಳೆಯುವ ಬೂಟು ಕೆಸರಿನಲ್ಲಿ ಹೂತಿತು. ಸರದಿ ಬಂದಾಗ ಸ್ವಾಹಿಲಿಯಲ್ಲಿ, ಎಲ್ಲರಿಗೂ ಕೊಟ್ಟಷ್ಟೇ ಹೊತ್ತು, ಮಾತಾಡಿದರು. ಪ್ಲಾಸ್ಟಿಕ್ ಕ್ಯಾನಿನ ಮೂಲೆಯಲ್ಲಿ ಕೊಳೆ ಕೂರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ ಎಂದಾಗ ಜನ ಗೊಣಗಿದರು. ತಬೀಥಾ ಮಾತ್ರ, “ಅದು ನಿಜ ಕಣ್ರೇ, ಸುಮ್ನಿರಿ,” ಎಂದು ಗದರಿದಳು. ಬಿಡಿ ಹಾಲು ನಿಲ್ಲಬೇಕು ಎಂದಾಗ ಮೊದಲು ಕೂಗಿದವಳೂ ಅವಳೇ.

ವರ್ಷದ ಕೊನೆಗೆ ಬಂದ ಕಾನೂನಿನಲ್ಲಿ ಬಿಡಿ ಹಾಲು ಉಳಿಯಿತು, ಮುರ್ಸಿಕ್ ಉಳಿಯಿತು. ಪ್ಲಾಸ್ಟಿಕ್ ಕ್ಯಾನು ಹೋಗಿ ಅಲ್ಯೂಮಿನಿಯಂ ಕ್ಯಾನು ಕಡ್ಡಾಯವಾಯಿತು. ತಬೀಥಾ ಗೊಣಗಿಕೊಂಡೇ ಹೊಸದೊಂದನ್ನು ಕೊಂಡಳು. ಅದು ಬಿಸಿಲಿಗೆ ಫಳಫಳ ಹೊಳೆಯುವುದನ್ನು ಕಂಡು, ಪೇಟೆಯೆಲ್ಲ ನೋಡಲಿ ಎಂದು, ಅವತ್ತು ಬೇಕೆಂದೇ ಸೈಕಲ್ಲನ್ನು ದೊಡ್ಡ ರಸ್ತೆಗೆ ತಿರುಗಿಸಿ ಸುತ್ತುದಾರಿ ಹಿಡಿದಳು.